ಬೆನ್ನಿಗೆ ಹತ್ತಿದ ಮಣ್ಣು

ಜೈನಾಪುರದ ಸಿದ್ದರಾಯನನ್ನು ಯಾರೂ ಚಿತ್ ಮಾಡಿರಲಿಲ್ಲ. ಬಬಲೇಶ್ವರ, ತಿಕೋಟಾ, ವಿಜಾಪುರ, ಗಡಿಯಾಚೆಯ ಜತ್ತ ಸಂಸ್ಥಾನ, ಎಲ್ಲೆಲ್ಲಿ ಕುಸ್ತಿ ನಡೆಯುತ್ತಿತ್ತೋ ಅಲ್ಲೆಲ್ಲ ಅವನು ಕಣಕ್ಕೆ ಇಳಿದಿದ್ದ. ಕಿವಿ ಮುರಿಸಿಕೊಂಡಿದ್ದ, ಮುಂದಿನ ಹಲ್ಲೊಂದನ್ನು ಕಳೆದುಕೊಂಡಿದ್ದ, ಸಮಬಲವೆಂದು ಪಂಚರು ಬಿಡಿಸಿದಾಗ ಗೊಣಗುತ್ತ ಎದ್ದು ಬಂದಿದ್ದ. ಬೆನ್ನನ್ನು ಮಾತ್ರ ಒಮ್ಮೆಯೂ ನೆಲಕ್ಕೆ ಕೊಟ್ಟಿರಲಿಲ್ಲ. ಕುಸ್ತಿಯಲ್ಲಿ ಸೋಲೆಂದರೆ ಇಷ್ಟೇ ತಾನೆ? ಬೆನ್ನು ಮಣ್ಣಿಗೆ ಹತ್ತಬೇಕು, ಮುಖ ಆಕಾಶ ನೋಡಬೇಕು. ಹಾಗೆ ಬಿದ್ದವನು ಚಿತ್. ಅವನು ಎದ್ದು ಧೂಳು ಕೊಡವಿಕೊಂಡು ಮನೆಗೆ ಹೋಗಬಹುದು, ಆದರೆ ಊರಿನ ಬಾಯಿಂದ ಆ ಧೂಳನ್ನು ಕೊಡವಲು ಆಗುವುದಿಲ್ಲ.

ಎರಡನೆಯ ಮಹಾಯುದ್ಧ ಮುಗಿದ ಮರುವರ್ಷದ ಹೊತ್ತಿಗೆ ಸಿದ್ದರಾಯನಿಗೆ ನಲವತ್ತು ದಾಟಿತ್ತು. ಎಡ ಮೊಣಕಾಲು ಕೈಕೊಟ್ಟಿತ್ತು. ಕುಸ್ತಿ ಬಿಟ್ಟು ಜೋಳದ ಹೊಲ ನೋಡಿಕೊಂಡಿದ್ದ. ಆದರೂ ‘ಬೆನ್ನಿಗೆ ಮಣ್ಣು ಹತ್ತದ ಪೈಲವಾನ’ ಎಂಬ ಹೆಸರು ಹಾಗೇ ಉಳಿದಿತ್ತು. ಬಬಲೇಶ್ವರದ ಸಂತೆಯಲ್ಲಿ ಅವನು ಬಂದರೆ ಚಹಾದ ಅಂಗಡಿಯ ಬೆಂಚಿನ ಮೇಲೆ ಜನ ಸರಿದು ಕೂಡುತ್ತಿದ್ದರು. ಹೆಂಡತಿ ಅಕ್ಕನಾಗಮ್ಮ ಸಿಟ್ಟು ಬಂದಾಗಲೆಲ್ಲ, “ನಮ್ಮಪ್ಪ ನಿಮ್ಮ ಹೊಲ ನೋಡ್ಲಿಲ್ಲ, ಮನಿ ನೋಡ್ಲಿಲ್ಲ, ಬೆನ್ನ ನೋಡಿ ಹೆಣ್ಣ ಕೊಟ್ಟ” ಎಂದು ಹಂಗಿಸುತ್ತಿದ್ದಳು. ಹಂಗಿಸುವಾಗಲೂ ಅವಳ ದನಿಯಲ್ಲಿ ಸ್ವಲ್ಪ ಹೆಮ್ಮೆ ಇರುತ್ತಿತ್ತು.

ಅವನನ್ನು ಹಾಗೆ ಮಾಡಿದವರು ಬಬಲೇಶ್ವರದ ತಾಲೀಮಿನ, ಅಂದರೆ ಗರಡಿಮನೆಯ, ಗುರು ಶಿವಯೋಗೆಪ್ಪ ವಸ್ತಾದರು. ಎಂಟನೆಯ ವಯಸ್ಸಿಗೆ ತಾಲೀಮಿನ ಮಣ್ಣಿಗೆ ಇಳಿದವನನ್ನು ಅವರು ತಿಕ್ಕಿ, ತಿದ್ದಿ, ಒದ್ದು, ಹಾಲು ಕುಡಿಸಿ ಪೈಲವಾನನನ್ನಾಗಿ ಮಾಡಿದ್ದರು. ವಸ್ತಾದರಿಗೆ ಮಕ್ಕಳಿರಲಿಲ್ಲ. ಬರುವ ನಾಗರಪಂಚಮಿಗೆ ತಾಲೀಮನ್ನು ಸಿದ್ದರಾಯನ ಕೈಗೆ ಕೊಟ್ಟು ತಾವು ಹಿಂದೆ ಸರಿಯುತ್ತೇವೆಂದು ಅವರೇ ನಾಲ್ಕು ಜನರ ಎದುರು ಹೇಳಿದ್ದರು. ಸಿದ್ದರಾಯನಿಗೆ ಬದುಕಿನಲ್ಲಿ ಬೇರೆ ಆಸೆ ಇರಲಿಲ್ಲ. ಆ ಕೆಂಪು ಮಣ್ಣಿಗೆ ಎಣ್ಣೆ, ಮಜ್ಜಿಗೆ ಹಾಕಿ ಹದ ಮಾಡುತ್ತ, ಹುಡುಗರಿಗೆ ಪಟ್ಟು ಕಲಿಸುತ್ತ ಮುದುಕನಾಗಬೇಕೆಂದು ಅವನು ಎಂದೋ ತೀರ್ಮಾನಿಸಿಕೊಂಡಿದ್ದ.

ಅಷ್ಟರಲ್ಲಿ ಬಬಲೇಶ್ವರಕ್ಕೆ ಫುಟ್‌ಬಾಲ್ ಬಂತು.

ತಂದವನು ಇಸ್ಮಾಯಿಲ. ಪುಣೆಯ ದಂಡಿನಲ್ಲಿ ಲಾರಿ ಓಡಿಸುತ್ತಿದ್ದವನು ಯುದ್ಧ ಮುಗಿದು ಮನೆಗೆ ಬರುವಾಗ ಒಂದು ತೊಗಲಿನ ಚೆಂಡು ತಂದಿದ್ದ. ತಾಲೀಮಿನ ಹುಡುಗರಿಗೆ ಅದರ ಹುಚ್ಚು ಹತ್ತಿತು. ಎರಡು ಬಿದಿರು ಹುಗಿದು, ಮೇಲೆ ಹಗ್ಗ ಕಟ್ಟಿ, ಬರಿಗಾಲಲ್ಲಿ ಆಡತೊಡಗಿದರು. ಸಿದ್ದರಾಯ ಮೊದಲ ದಿನ ನೋಡಿ ನಕ್ಕುಬಿಟ್ಟ. ಒಂದು ಚೆಂಡಿನ ಹಿಂದೆ ಇಷ್ಟೊಂದು ಗಂಡಸರು ಓಡುವುದೆಂದರೇನು, ಒಬ್ಬೊಬ್ಬರಿಗೆ ಒಂದೊಂದು ಕೊಟ್ಟರೆ ಮುಗಿಯಿತಲ್ಲ ಎಂದ.

ಎರಡನೆಯ ದಿನ ಅವನು ಸಿಕಂದರನನ್ನು ನೋಡಿದ. ಹತ್ತಿ ಹಿಂಜುವ ದಾವಲಸಾಬನ ಮಗ, ಕಡ್ಡಿಯಂಥ ಆಳು, ಕುಸ್ತಿಯಲ್ಲಿ ಯಾವತ್ತೂ ಉದ್ಧಾರ ಆಗದವನು. ಅವನನ್ನು ಗೋಲು ಕಾಯಲು ನಿಲ್ಲಿಸಿದ್ದರು. ಚೆಂಡು ಮೂಲೆಗೆ ಬಂತು. ಸಿಕಂದರ ನಿಂತಲ್ಲಿಂದ ಅಡ್ಡಡ್ಡ ಹಾರಿದ. ಗಾಳಿಯಲ್ಲೇ ಚೆಂಡನ್ನು ತಬ್ಬಿ ದೊಪ್ಪನೆ ಬಿದ್ದ. ಸಿದ್ದರಾಯನ ಬಾಯಿ ತೆರೆದೇ ಉಳಿಯಿತು. ಅಂದಿನಿಂದ ಎಲ್ಲಿ ಆಟವಿದ್ದರೂ ಅಲ್ಲಿ ಅವನು ಹಾಜರು. ಗೆರೆಯ ಪಕ್ಕ ಕೆಟ್ಟ ಕಾಲು ಚಾಚಿ ಕೂತು ಗಂಟಲು ಹರಿಯುವಂತೆ ಕೂಗುತ್ತಿದ್ದ. ತನ್ನ ಕುಸ್ತಿಯಲ್ಲಿ ಕೂಡ ಅವನ ಎದೆ ಇಷ್ಟು ಹೊಡೆದುಕೊಂಡಿರಲಿಲ್ಲ. ಅಲ್ಲಿ ತನ್ನ ಕೈಯಲ್ಲಿ ಏನಾದರೂ ಇತ್ತು. ಇಲ್ಲಿ ಕೂಗುವುದು ಬಿಟ್ಟರೆ ಏನೂ ಇರಲಿಲ್ಲ.

ತಾಲೀಮಿನ ಹುಡುಗರೆಂದ ಮೇಲೆ ತಂಡವೂ ತಾಲೀಮಿನದೇ ಆಯಿತು. ತಾಲೀಮಿನದಾದ ಮೇಲೆ ವಸ್ತಾದರದೇ ಆಯಿತು. ಅದರಲ್ಲಿ ಯಾರಿಗೂ ತಪ್ಪು ಕಾಣಲಿಲ್ಲ. ವಸ್ತಾದರು ಕೈಗೆ ಎತ್ತಿಕೊಂಡದ್ದನ್ನು ಅರ್ಧಕ್ಕೆ ಬಿಡುವವರೂ ಅಲ್ಲ. ಆಟಗಾರರಿಗೆ ಬೆಳಗಿನ ಜಾವ ದಂಡ, ಬೈಠಕ್ಕು. ಮೇಲೆ ಬಾದಾಮಿ ಅರೆದ ಹಾಲು. ಆಟಕ್ಕೆ ಆರಿಸುವ ಮೊದಲು ಎಲ್ಲರನ್ನೂ ಅಡತಿ ಅಂಗಡಿಗೆ ಕರೆದೊಯ್ದು ಕಾಳು ತೂಗುವ ದೊಡ್ಡ ತಕ್ಕಡಿಯಲ್ಲಿ ಕೂರಿಸಿ ತೂಗಿದರು. ತೂಕ ಬಂದವರು ಒಳಗೆ, ಬಾರದವರು ಹೊರಗೆ. ಗಾಳಿಯ ಹಾಗೆ ಓಡುತ್ತಿದ್ದ ಹಸನಸಾಬನನ್ನು ಒಣ ಕಟ್ಟಿಗೆ ಎಂದು ಕೆಳಗಿಳಿಸಿದರು. ಉಳಿದವರಿಗೆ ಎದುರಾಳಿಯ ಸೊಂಟ ಹಿಡಿಯುವುದನ್ನು ಕಲಿಸಿದರು. ಹಿಡಿದಾಗಲೆಲ್ಲ ಪಂಚ ಸೀಟಿ ಊದುತ್ತಿದ್ದ. ವಸ್ತಾದರು, “ಅವಗ ಪಟ್ಟ ತಿಳೀವಲ್ದು” ಎಂದು ಪಂಚನನ್ನೇ ಬೈಯುತ್ತಿದ್ದರು.

ಸಿದ್ದರಾಯ ಇದನ್ನೆಲ್ಲ ನುಂಗಿಕೊಂಡ. ಗುರು ಗುರುವೇ. ಗೋಲಿನಲ್ಲಿ ಸಿಕಂದರ ಇರುವತನಕ ಉಳಿದವರು ಹೇಗಾದರೂ ಇರಲಿ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡ. ತಂಡದಲ್ಲಿ ತೂಕವಿಲ್ಲದೆ ಉಳಿದವನು ಅವನೊಬ್ಬನೇ. ಬೇರೆ ಯಾರಿಗೂ ಆ ಜಾಗ ಬೇಕಿರಲಿಲ್ಲ.

ಆಮೇಲೆ ತಿಕೋಟಾದ ಆಟ ಬಂತು. ಬಬಲೇಶ್ವರ ಒಂದು ಗೋಲಿನಿಂದ ಮುಂದಿತ್ತು. ಇನ್ನೇನು ಮುಗಿಯಬೇಕು ಎನ್ನುವಾಗ ತಿಕೋಟಾದವನೊಬ್ಬ ಬಂದೂಕಿನ ಗುಂಡಿನ ಹಾಗೆ ಹೊಡೆದ. ಸಿಕಂದರ ಹಿಂದಕ್ಕೆ ಹಾರಿ, ಚೆಂಡನ್ನು ಎದೆಗೆ ಅವಚಿಕೊಂಡು, ಬೆನ್ನಡಿಯಾಗಿ ನೆಲಕ್ಕೆ ಬಡಿದ. ಚೆಂಡು ಬಿಡಲಿಲ್ಲ. ಆಟ ಗೆದ್ದರು. ಸಿದ್ದರಾಯ ಮೊಣಕಾಲಿನ ನೋವು ಮರೆತು ಕುಣಿದ.

ಆದರೆ ತಿಕೋಟಾ ಕೂಡ ಕುಸ್ತಿಯ ಊರು. ಸೋತ ಹೊಟ್ಟೆಯುರಿಗೆ ಅಲ್ಲಿಯ ಜನ ಕೈ ಎತ್ತಿ ಕೂಗತೊಡಗಿದರು: “ಚಿತ್! ಬಬಲೇಶ್ವರದಾಂವ ಚಿತ್ ಆದ! ವಸ್ತಾದರ ಹುಡುಗ ಚಿತ್!” ಹೆಂಗಸರು, ಮುದುಕರು ಕೂಡ ನಕ್ಕರು. ಶಿವಯೋಗೆಪ್ಪ ವಸ್ತಾದರ ಮುಖ ಕಪ್ಪಿಟ್ಟಿತು. ಗೆದ್ದ ತಂಡ ತಲೆ ತಗ್ಗಿಸಿಕೊಂಡು ಬಂಡಿ ಹತ್ತಿದ್ದನ್ನು ಜಗತ್ತಿನಲ್ಲಿ ಬೇರೆ ಯಾರೂ ನೋಡಿರಲಿಕ್ಕಿಲ್ಲ.

ಮರುದಿನ ತಾಲೀಮಿನಲ್ಲಿ ವಸ್ತಾದರು ತೀರ್ಪು ಕೊಟ್ಟರು. ಬೆನ್ನ ಮೇಲೆ ಬಿದ್ದವನು ಹೊರಗೆ. ಇನ್ನು ಮುಂದೆ ಸಿಕಂದರ ಗೋಲಿಗೆ ನಿಲ್ಲುವಂತಿಲ್ಲ. ಅವನ ಜಾಗಕ್ಕೆ ಈರಯ್ಯ. ಈರಯ್ಯ ತಕ್ಕಡಿಯನ್ನು ನೆಲಕ್ಕೆ ಕೂರಿಸಿದವನು, ಒಳ್ಳೆಯ ಮನುಷ್ಯ. ನಿಲ್ಲಿಸಿದರೆ ನಿಲ್ಲುತ್ತಿದ್ದ, ಯಾರು ತಳ್ಳಿದರೂ ಬೀಳುತ್ತಿರಲಿಲ್ಲ. ಬಗ್ಗುತ್ತಲೂ ಇರಲಿಲ್ಲ.

ಸಿದ್ದರಾಯ ಹುಡುಗರೆಲ್ಲ ಹೋಗುವತನಕ ಕಾದು ಬಾಯಿ ತೆರೆದ.

“ವಸ್ತಾದರ, ಒಂದ ಮಾತ. ಆ ಹುಡುಗ ಬಿದ್ದದ್ದಕ್ಕ ನಾವು ಗೆದ್ದೇವ್ರಿ.”

“ಗೆದ್ದ ಮ್ಯಾಲ ಏನಂದ್ರು ಮಂದಿ? ಕಿವಿಲೆ ಕೇಳಿದಿಲ್ಲ?”

“ಅವರು ಬೇಕಂತನ ಅಂದಾರ್ರಿ. ಹಂಗಂದ್ರ ನೀವು ಸಿಕಂದರನ ತಗೀತೀರಿ ಅಂತ ಅವರಿಗಿ ಗೊತ್ತೈತಿ.”

“ಯಾರರ ಯಾಕರ ಅನ್ಲಿ.” ವಸ್ತಾದರು ಒಂದು ಹಿಡಿ ಮಣ್ಣು ಎತ್ತಿ ಅಂಗೈಯಲ್ಲಿ ಉಜ್ಜಿದರು. “ಐವತ್ತ ವರ್ಷ ಈ ಮಣ್ಣಾಗ ಒಂದ ಮಾತ ಕಲಸೇನಿ. ಬೆನ್ನ ಕೊಡಬ್ಯಾಡ ಅಂತ. ಈಗ ಬಿದ್ದರ ನಡೀತದ ಅಂದ್ರ, ನಾಳಿ ಕುಸ್ತ್ಯಾಗೂ ಹುಡುಗರು ಬೀಳ್ತಾವ. ಸಿಕಂದರ ನಿನ್ನ ನೋಡಿ ಕಲೀಲಿ. ನಿನ್ನ ಬೆನ್ನಿಗಿ ಇವತ್ತಿಗೂ ಮಣ್ಣ ಹತ್ತಿಲ್ಲ.”

ಸಿದ್ದರಾಯ ಕೈ ಮುಗಿದು ತಿರುಗಿದ. ಹೊರಗೆ ಬಂದರೆ ಸಿಕಂದರ ಗೋಡೆಗೆ ಒರಗಿ ನಿಂತಿದ್ದ. ಒಳಗಿನ ಮಾತೆಲ್ಲ ಅವನಿಗೆ ಕೇಳಿಸಿತ್ತು.

“ಕಾಕಾ, ನಿಮ್ಮ ಬೆನ್ನ ನೋಡಿ ನಾ ಹೆಂಗ ಚೆಂಡ ಹಿಡೀಲ್ರಿ?” ಎಂದು ಕೇಳಿದ. ಕುಹಕವಿರಲಿಲ್ಲ, ಪಾಪ, ನಿಜವಾಗಿಯೇ ಕೇಳಿದ್ದ. ಸಿದ್ದರಾಯನಿಗೆ ಜೀವಮಾನದಲ್ಲಿ ಮೊದಲ ಸಲ ತನ್ನ ಹೆಸರಿನ ಮೇಲೆ ಸಿಟ್ಟು ಬಂತು.

ಮುಂದಿನ ಎರಡು ತಿಂಗಳು ಬಬಲೇಶ್ವರ ಆಡಿದ್ದೆಲ್ಲ ಸೋಲು. ಚೆಂಡು ಈರಯ್ಯನ ಬಲಗಡೆಯಿಂದ ಹೋಯಿತು, ಎಡಗಡೆಯಿಂದ ಹೋಯಿತು, ಒಮ್ಮೆ ಎರಡು ಕಾಲುಗಳ ನಡುವಿನಿಂದಲೂ ಹೋಯಿತು. ಈರಯ್ಯ ಕಂಬದ ಹಾಗೆ ನಿಂತೇ ಇದ್ದ. ವಸ್ತಾದರು ಪ್ರತಿ ಸಲವೂ, “ಬಿದ್ದಿಲ್ಲಲ್ಲ” ಎಂದು ಅವನ ಭುಜ ತಟ್ಟುತ್ತಿದ್ದರು. ಸಿದ್ದರಾಯ ಮನೆಗೆ ಬಂದು ರೊಟ್ಟಿಯನ್ನು ತಟ್ಟೆಯಲ್ಲೇ ಬಿಟ್ಟು ಏಳುತ್ತಿದ್ದ.

“ಆಡಿದವರು ಉಂಡ ಮಲಗ್ಯಾರ, ನೋಡಿದವರು ಉಪವಾಸ” ಎಂದು ಅಕ್ಕನಾಗಮ್ಮ ತಟ್ಟೆ ಎತ್ತುತ್ತಿದ್ದಳು. “ಹೋಗ್ಲಿ ಬಿಡ್ರಿ. ಪಂಚಮಿ ಬರೂತನಕ ಬಾಯಿ ಮುಚ್ಚಿ ಇರ್ರಿ. ತಾಲೀಮ ಕೈಗಿ ಬಂದ ಮ್ಯಾಲ ಯಾರನ್ನ ಬೇಕಾದ್ರೂ ನಿಲ್ಲಸ್ರಿ.”

ಮಾತು ಸರಿಯಾಗಿಯೇ ಇತ್ತು. ಸರಿಯಾದ ಮಾತನ್ನು ಕೇಳುವಷ್ಟು ತಾಳ್ಮೆ ಆಟದ ಹುಚ್ಚು ಹಿಡಿದವನಿಗೆ ಎಲ್ಲಿಂದ ಬರಬೇಕು?

ಪಂಚಮಿಗೆ ಇನ್ನೂ ಒಂದು ತಿಂಗಳಿರುವಾಗ ವಿಜಾಪುರದಲ್ಲಿ ಢಾಲಿನ ಆಟ ಬಂತು. ಸಿದ್ಧೇಶ್ವರ ಗುಡಿಯ ಓಣಿಯ ಅರಿವೆ ವ್ಯಾಪಾರಿಯೊಬ್ಬರು ಗೆದ್ದವರಿಗೆಂದು ಬೆಳ್ಳಿಯ ಢಾಲು, ಅಂದರೆ ಗುರಾಣಿ, ಮಾಡಿಸಿದ್ದರು. ತಿಕೋಟಾ ಒಂದು ಕಡೆ, ಬಬಲೇಶ್ವರ ಇನ್ನೊಂದು ಕಡೆ. ಇದ್ದಿಲಿನ ಗ್ಯಾಸಿನ ಮೇಲೆ ಓಡುವ ಸರ್ವಿಸ್ ಮೋಟಾರು ಕೆಮ್ಮುತ್ತ ಕೆಮ್ಮುತ್ತ ಒಂದಷ್ಟು ಜನರನ್ನು ತಂದು ಹಾಕಿತು. ಉಳಿದವರು ಬಂಡಿ ಕಟ್ಟಿಕೊಂಡು ಬಂದರು. ಗುಡಿಯ ಆಚೆಗಿನ ಬಯಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ.

ಸಿಕಂದರನೂ ಬಂದಿದ್ದ. ಆಟಗಾರರಿಗೆ ನೀರು ಕೊಡುವ ಕೊಡ ಅವನ ಕೈಯಲ್ಲಿತ್ತು. ಅದನ್ನು ನೋಡಿದ ಸಿದ್ದರಾಯ ಮುಖ ತಿರುಗಿಸಿಕೊಂಡು ಗೆರೆಯ ಪಕ್ಕ ಹೋಗಿ ಕೂತ.

ಮೊದಲರ್ಧದಲ್ಲಿ ಎರಡು ಗೋಲು ಹೋದವು. ಎರಡೂ ಒಂದೇ ಥರ. ಚೆಂಡು ಮೂಲೆಗೆ ಉರುಳಿಕೊಂಡು ಬಂತು, ಈರಯ್ಯ ಅದನ್ನು ನೋಡಿದ, ಅದು ಅವನನ್ನು ದಾಟಿ ಹೋಯಿತು. ತಿಕೋಟಾದವರು ನಗುತ್ತ, “ಗಟ್ಟಿ ನಿಂದ್ರೋ ಈರಯ್ಯ, ಬೀಳಬ್ಯಾಡ!” ಎಂದು ಕೂಗಿದರು. ಕೂಗಿ ಕೂಗಿ ಸಿದ್ದರಾಯನ ದನಿ ಬಿದ್ದುಹೋಗಿತ್ತು. ನಡುವಿನ ವಿರಾಮಕ್ಕೆ ಪಂಚ ಸೀಟಿ ಊದಿದಾಗ ಅವನು ಎದ್ದು ನೇರವಾಗಿ ವಸ್ತಾದರ ಹತ್ತಿರ ಹೋದ. ಸುತ್ತ ಆಟಗಾರರು ಬೆವರು ಒರೆಸಿಕೊಳ್ಳುತ್ತ ನಿಂತಿದ್ದರು.

“ಇನ್ನರ ಸಿಕಂದರನ ನಿಲ್ಲಸ್ರಿ, ವಸ್ತಾದರ. ಕೈ ಮುಗೀತೇನಿ.”

“ಒಮ್ಮಿ ಹೇಳೇನಿ. ಬೆನ್ನ ಕೊಟ್ಟಾಂವ ನನ್ನ ತಂಡದಾಗ ಇಲ್ಲ. ಕೇಳ್ರಲೇ,” ಅವರು ಹುಡುಗರ ಕಡೆ ತಿರುಗಿದರು, “ಇವನ ಬೆನ್ನ ನೋಡ್ರಿ. ಗಂಡಸರ ಬೆನ್ನ ಅಂದ್ರ ಹಿಂಗ ಇರಬೇಕು.”

ಸಾಕಾಯಿತು. ತಾನು ಎಷ್ಟೋ ಊರುಗಳ ಮಣ್ಣಿನಲ್ಲಿ ಬೆವರು ಸುರಿಸಿ ಕಾಪಾಡಿಕೊಂಡು ಬಂದ ಬೆನ್ನು ಆ ಬಡಪಾಯಿ ಹುಡುಗನ ನೆತ್ತಿಯ ಮೇಲೆ ಹೊಡೆಯುವ ಬಡಿಗೆಯಾಗಿದೆ ಎಂದು ಸಿದ್ದರಾಯನಿಗೆ ಅನಿಸಿತು. ಅವನು ತಲೆಯ ರುಮಾಲು ತೆಗೆದು ಇಸ್ಮಾಯಿಲನ ಕೈಗೆ ಕೊಟ್ಟ. ಕುಂಟುತ್ತ ಬಯಲಿನ ನಡುವಿಗೆ ನಡೆದ. ಜನ ಏನಾಯಿತೆಂದು ಕತ್ತು ಚಾಚಿದರು. ಅಲ್ಲಿ ಅವನು ಕೈಯೂರಿ ಕೂತ. ಕೆಟ್ಟ ಮೊಣಕಾಲನ್ನು ಎರಡೂ ಕೈಯಿಂದ ನೆಟ್ಟಗೆ ಚಾಚಿಕೊಂಡ. ಆಮೇಲೆ ಮೆಲ್ಲಗೆ ಹಿಂದಕ್ಕೆ ವಾಲಿ, ಎರಡೂ ಭುಜ ನೆಲಕ್ಕೆ ಒತ್ತಿ, ಬೆನ್ನ ಮೇಲೆ ಉದ್ದಕ್ಕೆ ಮಲಗಿದ.

ತಿಕೋಟಾದ ಹುಡುಗರು ಕೆಲವರು “ಚಿತ್!” ಎಂದು ಕೂಗಿ ನಕ್ಕರು. ಅವರ ಹಿಂದೆ ನಿಂತಿದ್ದ ಹಿರಿಯರು ನಗಲಿಲ್ಲ. ಅವರಿಗೆ ಮಲಗಿದವನು ಯಾರೆಂದು ಗೊತ್ತಿತ್ತು. ಅವರಲ್ಲಿ ಒಂದಿಬ್ಬರು ಈ ಬೆನ್ನನ್ನು ನೆಲಕ್ಕೆ ಹತ್ತಿಸಲು ಹೋಗಿ ತಾವೇ ಮಣ್ಣು ತಿಂದವರು. ಒಬ್ಬ ಮುದುಕ ಹುಡುಗನೊಬ್ಬನ ತಲೆಗೆ ಮೊಟಕಿದ. ಸ್ವಲ್ಪ ಹೊತ್ತಿಗೆ ಬಯಲೆಲ್ಲ ಸುಮ್ಮನಾಯಿತು.

ಗರಸು ಕಲ್ಲು ಬೆನ್ನಿಗೆ ಚುಚ್ಚುತ್ತಿತ್ತು. ಸಿದ್ದರಾಯ ಕಣ್ಣು ತೆರೆದು ಮೇಲೆ ನೋಡಿದ. ಇಷ್ಟು ವರ್ಷ ಹೆದರಿ ಹೆದರಿ ದೂರ ಇಟ್ಟದ್ದು ಇದೇ ಆಕಾಶವನ್ನೇ? ಮೇಲೆ ಒಂದು ಹದ್ದು ಸುತ್ತುತ್ತಿತ್ತು, ಅಷ್ಟೇ. ಬೇರೇನೂ ಆಗಲಿಲ್ಲ.

ವಸ್ತಾದರು ಓಡಿದಂತೆ ಬಂದರು.

“ಏಳೋ ಸಿದ್ದ್ಯಾ! ಮಂದಿ ನೋಡಾಕತ್ತಾರ!”

“ನೋಡ್ಲಿ ಅಂತನ ಮಲಗೇನ್ರಿ.” ಬಿದ್ದುಹೋದ ದನಿಯಲ್ಲೂ ಅವನು ಎಲ್ಲರಿಗೂ ಕೇಳುವಂತೆ ಹೇಳಿದ. “ಬೆನ್ನ ನೆಲಕ್ಕ ಹತ್ತೇತಿ. ಯಾರ ಚಿತ್ ಮಾಡಿದ್ರು ನನ್ನ? ಸೋತೇನೇನ್ರಿ ನಾ?”

“ಹುಚ್ಚ ಹಿಡದೈತೇನಲೇ ನಿನಗ?”

“ಹಿಡದೈತ್ರಿ. ನನ್ನ ಬೆನ್ನ ತೋರಿಸಿ ಆ ಹುಡುಗನ ಹೊರಗ ಹಾಕಿದ್ರಿ. ಈಗ ಆ ಬೆನ್ನ ಇಲ್ಲ. ಇನ್ನ ಏನ ತೋರಸ್ತೀರಿ? ಸಿಕಂದರ ಗೋಲಿಗಿ ನಿಲ್ಲೂತನಕ ನಾ ಏಳಂಗಿಲ್ಲ. ಆಟ ಆಡೂದಿದ್ರ ನನ್ನ ಮ್ಯಾಲ ಆಡ್ರಿ.”

ಪಂಚ ಸೀಟಿಯನ್ನು ಬಾಯಿಗಿಟ್ಟುಕೊಂಡು ಊದಲೋ ಬೇಡವೋ ಎಂದು ನಿಂತಿದ್ದ. ಇಂಥದ್ದಕ್ಕೆ ಯಾವ ನಿಯಮವಿದೆಯೋ ಅವನಿಗೂ ತಿಳಿಯದು. ಶಿವಯೋಗೆಪ್ಪ ವಸ್ತಾದರು ತಮ್ಮ ಶಿಷ್ಯನ ಮುಖ ನೋಡಿದರು. ಆಮೇಲೆ ತಿರುಗಿ, ಜನರ ನಡುವೆ ದಾರಿ ಮಾಡಿಕೊಂಡು, ಬಂಡಿ ಬಿಟ್ಟ ಕಡೆಗೆ ಹೊರಟುಹೋದರು.

ಇಸ್ಮಾಯಿಲ ಸಿಕಂದರನ ಕೈಯಿಂದ ಕೊಡ ಕಸಿದುಕೊಂಡು ಅವನನ್ನು ಗೋಲಿನ ಕಡೆ ತಳ್ಳಿದ. ಕೊಡವನ್ನು ಈರಯ್ಯ ತಾನೇ ಬಂದು ಇಸಿದುಕೊಂಡ; ಅವನ ಮುಖದಲ್ಲಿ ಬಿಡುಗಡೆಯಾದವನ ಕಳೆ ಇತ್ತು. ಇಬ್ಬರು ಹುಡುಗರು ಬಂದು ಸಿದ್ದರಾಯನನ್ನು ಎಬ್ಬಿಸಿದರು. ಒಬ್ಬ ಅಂಗಿಯ ಮೇಲಿನ ಧೂಳು ಕೊಡವಲು ಹೋದ. ಸಿದ್ದರಾಯ ಅವನ ಕೈ ಸರಿಸಿದ.

ಎರಡನೆಯ ಅರ್ಧದಲ್ಲಿ ಸಿಕಂದರ ಬಿದ್ದ ಹಾಗೆ ಯಾರೂ ಬಿದ್ದಿರಲಿಕ್ಕಿಲ್ಲ. ಮುಂದೆ ಬಿದ್ದ, ಪಕ್ಕಕ್ಕೆ ಬಿದ್ದ, ಬೆನ್ನ ಮೇಲೆ ಬಿದ್ದು ಜಾರಿಕೊಂಡು ಹೋದ. ಒಂದು ಚೆಂಡನ್ನೂ ಒಳಗೆ ಬಿಡಲಿಲ್ಲ. ಇಸ್ಮಾಯಿಲ ಒಂದು ಗೋಲು ಹೊಡೆದ. ಎರಡನೆಯದು ಕೊನೆಗೂ ಬರಲಿಲ್ಲ. ಢಾಲು ತಿಕೋಟಾಕ್ಕೆ ಹೋಯಿತು. ಸಿದ್ದರಾಯ ಬಂಡಿಯಲ್ಲಿ ಕೂತು, ಮೊದಲಿಂದಲೇ ನಿಲ್ಲಿಸಿದ್ದರೆ, ಮೊದಲಿಂದಲೇ ನಿಲ್ಲಿಸಿದ್ದರೆ ಎಂದು ದಾರಿಯುದ್ದಕ್ಕೂ ಗೊಣಗಿದ. ಮನೆಗೆ ಬಂದಾಗ ಅಕ್ಕನಾಗಮ್ಮ ಅವನ ಅಂಗಿಯ ಬೆನ್ನು ನೋಡಿ ಏನೂ ಕೇಳಲಿಲ್ಲ. ಸುದ್ದಿ ಅವನಿಗಿಂತ ಮೊದಲೇ ಬಂದಿತ್ತು.

ಊರಿಗೆ ಮಾತಾಡಲು ವಸ್ತು ಸಿಕ್ಕಿತು. ಕೆಲವರು ಗುರುದ್ರೋಹ ಎಂದರು. ಕೆಲವರು ಒಳ್ಳೆಯ ಕೆಲಸ ಮಾಡಿದ ಎಂದು ಮೆತ್ತಗೆ ಹೇಳಿದರು. ಸಂತೆಯಲ್ಲಿ ಚಹಾದ ಅಂಗಡಿಯ ಬೆಂಚಿನ ಮೇಲೆ ಮಾತ್ರ ಯಾರೂ ಸರಿದು ಜಾಗ ಕೊಡಲಿಲ್ಲ. ಸಿದ್ದರಾಯ ನಿಂತೇ ಚಹಾ ಕುಡಿದ. ತಾಲೀಮಿನ ಕಡೆ ಹೋಗಲು ಅವನ ಕಾಲು ಏಳಲಿಲ್ಲ. ಬೆಳಗಾದರೆ ಆ ಮಣ್ಣಿನ ವಾಸನೆ ನೆನಪಾಗುತ್ತಿತ್ತು.

ಪಂಚಮಿ ಇನ್ನೇನು ಬಂತು ಎನ್ನುವಾಗ ಒಂದು ಮುಂಜಾನೆ ಶಿವಯೋಗೆಪ್ಪ ವಸ್ತಾದರು ತಾವೇ ಜೈನಾಪುರಕ್ಕೆ ನಡೆದು ಬಂದರು. ಗುರು ಶಿಷ್ಯನ ಬಾಗಿಲಿಗೆ ಬಂದದ್ದನ್ನು ನೋಡಿ ಓಣಿಯವರೆಲ್ಲ ಹೊರಗೆ ಬಂದರು. ವಸ್ತಾದರು ಕಟ್ಟೆಯ ಮೇಲೆ ಕೂತು, ಅಕ್ಕನಾಗಮ್ಮ ಕೊಟ್ಟ ಮಜ್ಜಿಗೆ ಕುಡಿದು, ಮೀಸೆ ಒರೆಸಿಕೊಂಡರು. ಒಂದೇ ತಿಂಗಳಲ್ಲಿ ಬಹಳ ಮುದುಕರಾದಂತೆ ಕಂಡರು.

“ಫುಟ್‌ಬಾಲಿನ ಗ್ವಾಡವಿ ಬಿಟ್ಟೇನಿ. ಇಸ್ಮಾಯಿಲನ ಕೈಗಿ ಕೊಟ್ಟೇನಿ. ಅದರ ಮಾತ ಬ್ಯಾಡ,” ಎಂದರು. “ತಾಲೀಮಿನ ಮಾತಿಗಿ ಬಂದೇನಿ. ನಿನ್ನ ಬಿಟ್ಟ ಇನ್ನೊಬ್ಬನ ಕೈಗಿ ಅದನ್ನ ಕೊಡಾಕ ನನಗ ಮನಸಿಲ್ಲ. ಆದರ ಚಿತ್ ಆದವನ ಕೈಗಿ ಕೊಟ್ಟ ಅಂತ ಮಂದಿ ಅಂತಾರ. ಒಂದ ಹಾದಿ ಐತಿ.”

“ಹೇಳ್ರಿ.”

“ಕಾಲ ಜಾರಿ ಬಿದ್ದದ್ದು ಲೆಕ್ಕಕ್ಕಿಲ್ಲ. ಅದು ನಿನಗೂ ಗೊತ್ತೈತಿ. ಪಂಚಮಿ ದಿನ ನಾಕ ಮಂದಿ ಮುಂದ ಒಂದ ಮಾತ ಹೇಳು, ಮೊಣಕಾಲ ಕೈಕೊಟ್ಟಿತು, ಜಾರಿ ಬಿದ್ದೆ ಅಂತ. ನಾನೂ ಹೌದು ಅಂತೇನಿ. ನಿನ್ನ ಹೆಸರು ನಿನಗ, ತಾಲೀಮೂ ನಿನಗ.”

ಬಾಗಿಲ ಮರೆಯಲ್ಲಿ ಅಕ್ಕನಾಗಮ್ಮನ ಬಳೆ ಸದ್ದಾಯಿತು. ಹೂಂ ಅನ್ನಿ, ಹೂಂ ಅನ್ನಿ ಎಂದು ಅವಳು ಒಳಗಿನಿಂದ ಕೈಸನ್ನೆ ಮಾಡುತ್ತಿದ್ದದ್ದು ಸಿದ್ದರಾಯನಿಗೆ ಕಾಣುತ್ತಿತ್ತು. ಅವನಿಗೂ ಹೂಂ ಅನ್ನಬೇಕೆಂದು ಬಹಳ ಆಸೆಯಾಯಿತು. ಗುರು ತಮ್ಮ ಮಾನವನ್ನು ಮಡಿಚಿ ಕಂಕುಳಲ್ಲಿ ಇಟ್ಟುಕೊಂಡು ಇಷ್ಟು ದೂರ ನಡೆದು ಬಂದಿದ್ದಾರೆ. ಮೊಣಕಾಲು ನಿಜವಾಗಿಯೂ ಕೆಟ್ಟಿದೆ. ಕಣ್ಣಾರೆ ಕಂಡವರೂ ಗುರುವಿನ ಮಾತಿಗೆ ಎದುರಾಡಿ ಸುಳ್ಳೆನ್ನುವುದಿಲ್ಲ. ಆದರೆ ಹಾಗೆಂದರೆ ಬಿದ್ದದ್ದು ಅವಮಾನವೆಂದು ತಾನೇ ಒಪ್ಪಿದಂತೆ. ಅಷ್ಟು ಸಲ ಬಿದ್ದ ಸಿಕಂದರ ಅಷ್ಟು ಸಲ ಸೋತಂತೆ. ನಾಳೆ ಇಸ್ಮಾಯಿಲನೋ ಮತ್ತೊಬ್ಬನೋ ಅದೇ ಬೆನ್ನನ್ನು ತೋರಿಸಿ ಇನ್ನೊಬ್ಬ ಹುಡುಗನ ಕೈಗೆ ನೀರಿನ ಕೊಡ ಕೊಡುತ್ತಾನೆ.

ಅವನು ಎದ್ದು ವಸ್ತಾದರ ಪಾದ ಮುಟ್ಟಿದ. ಅವರು ಕಾಲು ಹಿಂದಕ್ಕೆ ಎಳೆದುಕೊಳ್ಳಲಿಲ್ಲ.

“ಜಾರಿಲ್ರಿ, ವಸ್ತಾದರ,” ಎಂದ. “ಮಲಗೇನಿ.”

ವಸ್ತಾದರು ಕೋಲು ಊರಿ ಎದ್ದು, ಬಂದ ದಾರಿ ಹಿಡಿದರು. ಅವರು ಓಣಿಯ ತಿರುವು ದಾಟಿದ ಮೇಲೆ ಅಕ್ಕನಾಗಮ್ಮ ಹೊರಗೆ ಬಂದಳು. ಸೆರಗಿನಿಂದ ಕಣ್ಣು ಒರೆಸಿಕೊಂಡು, ಸಿಟ್ಟಿನಿಂದ ಕೇಳಿದಳು:

“ತಾಲೀಮೂ ಹೋತು, ಹೆಸರೂ ಹೋತು. ಈಗರ ಹೊಟ್ಟಿ ತುಂಬಿತೇನ್ರಿ? ಇಲ್ಲಾ, ಆ ಹುಡುಗನ ಸಲುವಾಗಿ ಮತ್ತೊಮ್ಮಿ ಮಲಗಾವ್ರೇನ?”

“ಗೋಲಿಂದ ತಗದ ನೋಡ್ಲಿ ಅವನ,” ಎಂದ ಸಿದ್ದರಾಯ.